ನೆರಳಿನ ಆಸಾಮಿ

ನಾರ್ಮನ್ ಕಾಲಿ ಪುಕ್ಕಲು ಸ್ವಭಾವದವರಲ್ಲ. ಮುಂದೆ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರಾದವರು, ಹಿಮಾಲಯದ ನಂಗಾ ಪರ್ಬತದವರೆಗೂ ಹೋಗಿಬಂದ ಪರ್ವತಾರೋಹಿ. 1891ರಲ್ಲಿ ಅವರು ಸ್ಕಾಟ್ಲೆಂಡಿನ ಬೆನ್ ಮ್ಯಾಕ್‌ಡೂಯಿ ಶಿಖರದಿಂದ ಒಬ್ಬರೇ ಇಳಿಯುತ್ತಿದ್ದರು. ಸುತ್ತ ದಟ್ಟ ಮಂಜು. ಹಿಂದೆ ಯಾರೋ ನಡೆದುಬರುವ ಸದ್ದು. ತಾವು ಹಲವು ಹೆಜ್ಜೆ ಇಟ್ಟರೆ ಅದು ಒಂದೇ ಹೆಜ್ಜೆ ಇಡುತ್ತಿತ್ತು, ಅಷ್ಟು ಉದ್ದದ ದಾಪುಗಾಲು. ಹಿಂತಿರುಗಿ ನೋಡಿದರೆ ಬರೀ ಮಂಜು. ಕಾಲಿ ಬಿದ್ದಂಬೀಳ ಓಡಿದರು, ನಾಲ್ಕೈದು ಮೈಲಿ. ಈ ಸಂಗತಿಯನ್ನು 1925ರಲ್ಲಿ ಕೇರ್ನ್‌ಗಾರ್ಮ್ ಚಾರಣ ಸಂಘದ ಸಭೆಯಲ್ಲಿ ಹೇಳಿದಾಗ ಅದು ಊರೆಲ್ಲ ಹಬ್ಬಿತು. 1,309 ಮೀಟರ್ ಎತ್ತರದ ಆ ಬೆಟ್ಟದಲ್ಲಿ ಹೀಗೆ ಹಿಂಬಾಲಿಸುವವನಿಗೆ ಇವತ್ತಿಗೂ 'ದೊಡ್ಡ ಬೂದು ಮನುಷ್ಯ' ಎಂದೇ ಹೆಸರು.

ಅದೇ ಬೆಟ್ಟದಲ್ಲಿ ಬೂದು ಆಕೃತಿಯನ್ನು ಕಣ್ಣಾರೆ ಕಂಡೆವೆಂದವರೂ ಇದ್ದಾರೆ. ಅವರಲ್ಲಿ ಕೆಲವರು ಸುಳ್ಳು ಹೇಳಿರಲಾರರು. ಬಾನಂಚಿಗೆ ಇಳಿದ ಸೂರ್ಯ ಬೆನ್ನಿಗಿದ್ದು, ಮುಂದೆ ಮಂಜಿನ ಗೋಡೆ ನಿಂತಿದ್ದರೆ ನಮ್ಮ ನೆರಳು ಆ ಗೋಡೆಯ ಒಳಕ್ಕೆ ಇಳಿಯುತ್ತದೆ. ಮಂಜಿನಲ್ಲಿ ದೂರದ ಅಂದಾಜು ತಪ್ಪುವುದರಿಂದ ನೆರಳು ರಾಕ್ಷಸಗಾತ್ರದ್ದಾಗಿ ಕಾಣುತ್ತದೆ. ಮಂಜು ಅಲುಗಿದರೆ ಅದೂ ಅಲುಗುತ್ತದೆ. ಜರ್ಮನಿಯ ಹಾರ್ಟ್ಸ್ ಪರ್ವತಗಳ ಬ್ರಾಕನ್ ಶಿಖರದಲ್ಲಿ ಯೋಹಾನ್ ಜಿಲ್ಬರ್‌ಶ್ಲಾಗ್ 1780ರಲ್ಲಿ ಇದನ್ನು ವಿವರಿಸಿದ್ದರಿಂದ ಇದಕ್ಕೆ 'ಬ್ರಾಕನ್ ಭೂತ' ಎಂಬ ಹೆಸರು ನಿಂತಿತು. ಭೂತದ ತಲೆಯ ಸುತ್ತ ಬಣ್ಣದ ಬಳೆಗಳೂ ಮೂಡುತ್ತವೆ. ತಮಾಷೆಯೆಂದರೆ, ನಾಲ್ವರು ಸಾಲಾಗಿ ನಿಂತರೂ ಪ್ರತಿಯೊಬ್ಬರಿಗೂ ಪ್ರಭಾವಳಿ ಕಾಣುವುದು ತಮ್ಮ ತಲೆಯ ಸುತ್ತ ಮಾತ್ರ!

ನಮ್ಮ ಸಹ್ಯಾದ್ರಿಯಲ್ಲೂ ಇದು ಕಾಣುತ್ತದೆ. ಮಹಾರಾಷ್ಟ್ರದ ಹರಿಶ್ಚಂದ್ರಗಡದ ಕೊಂಕಣಕಡಾ ಎಂಬ ಕಡಿದಾದ ಬಂಡೆಯಂಚಿನಿಂದ ಕೆಳಗಿನ ಮಂಜಿನಲ್ಲಿ ಮೂಡುವ ಬಣ್ಣದ ವೃತ್ತವನ್ನು ಮರಾಠಿಗರು 'ಇಂದ್ರವಜ್ರ' ಎನ್ನುತ್ತಾರೆ. ಒಂದೇ ಬೆಳಕಿನಾಟ. ಅಲ್ಲಿ ಭೂತ, ಇಲ್ಲಿ ದೇವರ ಆಯುಧ.

ಆದರೆ ಕಾಲಿ ಏನನ್ನೂ ಕಾಣಲಿಲ್ಲ, ಸದ್ದು ಕೇಳಿದರಷ್ಟೇ. ಅವರ ಕತೆಗೆ ಬ್ರಾಕನ್ ಭೂತ ಉತ್ತರವಾಗದು. ಉತ್ತರದ ಒಂದು ತುಣುಕು ಸಿಕ್ಕಿದ್ದು ಬೆಟ್ಟದಲ್ಲಲ್ಲ, ಸ್ವಿಟ್ಜರ್ಲೆಂಡಿನ ಆಸ್ಪತ್ರೆಯಲ್ಲಿ. ನರವಿಜ್ಞಾನಿ ಓಲಾಫ್ ಬ್ಲಾಂಕೆ ಮತ್ತು ಸಂಗಡಿಗರು ಮೂರ್ಛೆರೋಗದ ಶಸ್ತ್ರಚಿಕಿತ್ಸೆಗೆ ಮುಂಚೆ 22 ವರ್ಷದ ಯುವತಿಯೊಬ್ಬಳ ಮಿದುಳನ್ನು ಪರೀಕ್ಷಿಸುತ್ತಿದ್ದರು. ಎಡ ಕಿವಿಯ ಮೇಲ್ಭಾಗದ ಒಂದು ಜಾಗಕ್ಕೆ ಸಣ್ಣ ವಿದ್ಯುತ್ ಹರಿಸಿದಾಗ, ಮಲಗಿದ್ದ ಅವಳಿಗೆ ತನ್ನ ಬೆನ್ನ ಹಿಂದೆ ಯಾರೋ ಇದ್ದಾರೆನ್ನಿಸಿತು. ಮಾತಿಲ್ಲ, ಅಲುಗಾಟವಿಲ್ಲ, ನೆರಳಿನಂಥ ವ್ಯಕ್ತಿ. ಎದ್ದು ಕೂತು ಮೊಣಕಾಲು ತಬ್ಬಿಕೊಂಡಳು. ಆ ಆಸಾಮಿಯೂ ಕೂತು ಅವಳನ್ನು ತಬ್ಬಿಕೊಂಡ, ಅವಳಿಗೆ ಮುಜುಗರವಾಯಿತು. ಓದಲು ಕೈಯಲ್ಲಿ ಕಾರ್ಡು ಹಿಡಿದಳು. ಅವನು ಅದನ್ನು ಕಸಿದುಕೊಳ್ಳಲು ನೋಡುತ್ತಿದ್ದಾನೆ ಎಂದಳು. ವಿದ್ಯುತ್ ನಿಂತರೆ ಅವನೂ ಮಾಯ.

2006ರಲ್ಲಿ ಪ್ರಕಟವಾದ ಈ ಪ್ರಕರಣದಲ್ಲಿ ಬೆರಗು ಹುಟ್ಟಿಸುವುದು ಆ ವ್ಯಕ್ತಿಯ ಭಂಗಿ. ಅವಳು ಮಲಗಿದರೆ ಅವನೂ ಮಲಗುತ್ತಾನೆ, ಕೂತರೆ ಕೂರುತ್ತಾನೆ. ನಮ್ಮ ಮೈ ಎಲ್ಲಿದೆ, ಹೇಗಿದೆ ಎಂಬ ನಕ್ಷೆಯನ್ನು ಮಿದುಳು ಕ್ಷಣಕ್ಷಣಕ್ಕೂ ಬರೆಯುತ್ತಿರುತ್ತದೆ. ಅದು ಕದಡಿದಾಗ ಒಂದು ಮೈ ಎರಡಾಯಿತು. ಎರಡನೆಯದು ತನ್ನದೇ ಎಂದು ಅವಳಿಗೆ ತಿಳಿಯಲಿಲ್ಲ, ಅಷ್ಟೆ. 2014ರಲ್ಲಿ ಇದೇ ತಂಡ ಆರೋಗ್ಯವಂತರ ಕಣ್ಣಿಗೆ ಬಟ್ಟೆ ಕಟ್ಟಿ ಪ್ರಯೋಗ ಮಾಡಿತು. ಅವರು ಮುಂದೆ ಕೈ ಆಡಿಸಿದಂತೆ ಹಿಂದಿನಿಂದ ಯಂತ್ರವೊಂದು ಅವರ ಬೆನ್ನನ್ನು ಮುಟ್ಟುತ್ತಿತ್ತು. ಸ್ಪರ್ಶವನ್ನು ಅರ್ಧ ಸೆಕೆಂಡು ತಡಮಾಡಿದಾಗ ಕೆಲವರಿಗೆ ಹಿಂದೆ ಯಾರೋ ನಿಂತಂತಾಯಿತು. ಇಬ್ಬರಂತೂ ಸಾಕು ನಿಲ್ಲಿಸಿ ಎಂದರು. ಕಾಲಿ ಕೇಳಿದ್ದೂ ತಡವಾಗಿ ಕಿವಿಗೆ ಬಿದ್ದ ತಮ್ಮದೇ ಹೆಜ್ಜೆಯೇ? ಸಾಧಿಸಿ ತೋರಿಸಲಾಗದು. ದಣಿವು, ಒಂಟಿತನ, ಮಂಜು ಮೂರೂ ಕೂಡಿದಲ್ಲಿ ಅದು ಅಸಂಭವವೇನಲ್ಲ.

ಬೆಟ್ಟ ಹತ್ತದವರಿಗೆ ಈ ಆಸಾಮಿ ಸಿಗುವುದು ಹಾಸಿಗೆಯಲ್ಲಿ. ಕನಸಿನ ನಿದ್ದೆಯಲ್ಲಿ ಕೈಕಾಲಿನ ಸ್ನಾಯುಗಳನ್ನು ಮಿದುಳು ಕಟ್ಟಿಹಾಕಿರುತ್ತದೆ, ಇಲ್ಲದಿದ್ದರೆ ಕನಸಿನಲ್ಲಿ ಓಡುವವರು ಗೋಡೆಗೆ ಹಾಯ್ದಾರು. ಕೆಲವೊಮ್ಮೆ ಕಟ್ಟು ಬಿಚ್ಚುವ ಮೊದಲೇ ಎಚ್ಚರವಾಗಿಬಿಡುತ್ತದೆ. ಕಣ್ಣು ತೆರೆದಿದೆ, ಮೈ ಅಲುಗದು, ಎದೆ ಬಿಗಿದಿದೆ, ಕನಸಿನ ಚೂರು ಕೋಣೆಯಲ್ಲೇ ಉಳಿದಿದೆ. ಬಾಗಿಲ ಬಳಿ ಕಪ್ಪಗೆ ಯಾರೋ. 35 ಅಧ್ಯಯನಗಳ 36,533 ಜನರ ಲೆಕ್ಕ ಹಿಡಿದು 2011ರಲ್ಲಿ ಬಂದ ಸಮೀಕ್ಷೆಯ ಪ್ರಕಾರ ಸಾಮಾನ್ಯ ಜನರಲ್ಲಿ ಶೇ. 7.6, ವಿದ್ಯಾರ್ಥಿಗಳಲ್ಲಿ ಶೇ. 28.3 ಮಂದಿ ಒಮ್ಮೆಯಾದರೂ ಈ ನಿದ್ರಾ ಸ್ತಂಭನವನ್ನು ಅನುಭವಿಸಿದ್ದಾರೆ.

ನ್ಯೂಫೌಂಡ್‌ಲ್ಯಾಂಡಿನಲ್ಲಿ ಇದು ಎದೆಯೇರಿ ಕೂರುವ ಮುದುಕಿ. ಜಪಾನಿನಲ್ಲಿ 'ಕನಶಿಬಾರಿ', ಅಂದರೆ ಲೋಹದಿಂದ ಬಿಗಿದಂತೆ. ಇಂಗ್ಲಿಷಿನ 'ನೈಟ್‌ಮೇರ್' ಪದದ 'ಮೇರ್' ಕೂಡ ಮಲಗಿದವರ ಮೇಲೆ ಕೂರುವ ದುಷ್ಟಶಕ್ತಿಯೇ, ಹೆಣ್ಣು ಕುದುರೆಯಲ್ಲ. 1781ರಲ್ಲಿ ಇದೇ ಹೆಸರಿನ ಚಿತ್ರ ಬರೆದ ಹೆನ್ರಿ ಫ್ಯೂಸ್ಲಿ ಮಾತ್ರ ಎರಡನ್ನೂ ಬಿಡಲಿಲ್ಲ. ಮಲಗಿದ ಹೆಣ್ಣಿನ ಎದೆಯ ಮೇಲೆ ಕುಬ್ಜ ಪಿಶಾಚಿ, ಪರದೆಯ ಸಂದಿಯಲ್ಲಿ ಕುದುರೆಯ ತಲೆ.

ನಮ್ಮ ಹಳ್ಳಿಯ ದೆವ್ವಕ್ಕೆ ಹುಣಸೆಮರದ ವಿಳಾಸವಿರುತ್ತದೆ, ಸತ್ತದ್ದಕ್ಕೊಂದು ಕತೆ, ಹಿಂದುಮುಂದಾದ ಪಾದ. ಇತ್ತೀಚಿನ 'ನೆರಳಿನ ಜನ'ರಿಗೆ ಮುಖವೂ ಇಲ್ಲ, ಕತೆಯೂ ಇಲ್ಲ. 2001ರಲ್ಲಿ ಆರ್ಟ್ ಬೆಲ್ ನಡೆಸುತ್ತಿದ್ದ ಅಮೆರಿಕದ ರಾತ್ರಿ ರೇಡಿಯೊ ಕಾರ್ಯಕ್ರಮದಲ್ಲಿ ಇವರ ಪ್ರಸ್ತಾಪ ಬಂದ ಮೇಲೆ ಕೇಳುಗರು ತಾವು ಕಂಡದ್ದರ ಚಿತ್ರಗಳನ್ನು ಕಳಿಸತೊಡಗಿದರು. ಟೊಪ್ಪಿಗೆ ತೊಟ್ಟವನೊಬ್ಬ ಈಗ ಹಲವು ದೇಶಗಳವರಿಗೆ ಕಾಣಿಸುತ್ತಾನೆ. ಕಾಣುವುದು ಮಿದುಳಿನ ಕೆಲಸವಾದರೆ, ಟೊಪ್ಪಿಗೆ ಹೊಲಿದದ್ದು ಕೇಳಿದ ಕತೆಗಳೇ ಇರಬೇಕು.

ರಾತ್ರಿ ಎಚ್ಚರವಾದಾಗ ಮೈ ಹೀಗೆ ಸ್ತಂಭಿಸಿದರೆ ಗಾಬರಿ ಬೇಡ. ಸಾಮಾನ್ಯವಾಗಿ ಒಂದೆರಡು ನಿಮಿಷದೊಳಗೆ ತಾನಾಗಿ ಬಿಡುತ್ತದೆ. ನಿದ್ದೆಗೆಟ್ಟವರಲ್ಲಿ, ಅಂಗಾತ ಮಲಗುವವರಲ್ಲಿ ಇದು ಹೆಚ್ಚು. ಒಂದು ಬೆರಳನ್ನೋ ಕಾಲಿನ ಹೆಬ್ಬೆರಳನ್ನೋ ಅಲುಗಿಸಲು ಯತ್ನಿಸಿದರೆ ಕಟ್ಟು ಬೇಗ ಸಡಿಲುತ್ತದೆ ಎಂಬುದು ಹಲವರ ಅನುಭವ. ಪದೇ ಪದೇ ಆಗುತ್ತಿದ್ದು, ಹಗಲಲ್ಲೂ ತಡೆಯಲಾಗದಷ್ಟು ತೂಕಡಿಕೆ ಇದ್ದರೆ ಮಂತ್ರವಾದಿಯ ಬದಲು ನರರೋಗ ವೈದ್ಯರನ್ನು ಕಾಣಿ.