12 ವರ್ಷ ಇದ್ದರೆ ಮನೆ ಬಾಡಿಗೆದಾರನದ್ದಾಗುತ್ತದೆಯೇ? ಬಾಡಿಗೆ ಎಂದರೆ ಕೂತಲ್ಲೇ ಬರುವ ದುಡ್ಡೇ?

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಯಾವುದೇ ಕುಟುಂಬದ ವಾಟ್ಸಾಪ್ ಗುಂಪು ತೆರೆದು ನೋಡಿ. ಮನೆ ಬಾಡಿಗೆಯ ಬಗ್ಗೆ ಎರಡು ಬಗೆಯ ಸಂದೇಶಗಳು ಆಗಾಗ ಬರುತ್ತಿರುತ್ತವೆ. ಒಂದು ಆಸೆ ಹುಟ್ಟಿಸುವಂಥದ್ದು: ಸಾಲ ಮಾಡಿಯಾದರೂ ಎರಡು ಬಾಡಿಗೆ ಮನೆ ಕಟ್ಟಿಸಿ, ಬಾಡಿಗೆಯೇ ಸಾಲದ ಕಂತು ಕಟ್ಟುತ್ತದೆ, ಆಮೇಲೆ ಜೀವನಪೂರ್ತಿ ಕೂತಲ್ಲೇ ಆದಾಯ. ಇನ್ನೊಂದು ಹೆದರಿಸುವಂಥದ್ದು: ಬಾಡಿಗೆದಾರ 12 ವರ್ಷ ಇದ್ದರೆ ಮನೆ ಅವನದ್ದೇ ಆಗುತ್ತದೆ, ಸುಪ್ರೀಂ ಕೋರ್ಟೇ ಹೇಳಿದೆ, ಎಲ್ಲ ಮಾಲೀಕರಿಗೂ ತಿಳಿಸಿ.

ಮೊದಲನೆಯದನ್ನು ನಂಬಿದವರು ನಿವೃತ್ತಿಯ ಹಣವನ್ನೆಲ್ಲ ಸಿಮೆಂಟಿಗೆ ಸುರಿಯುತ್ತಾರೆ. ಎರಡನೆಯದನ್ನು ನಂಬಿದವರು, ಮಕ್ಕಳು ಬೆಂಗಳೂರು ಸೇರಿದ ಮೇಲೆ ಖಾಲಿಯಾದ ಮನೆಗೆ ಬೀಗ ಜಡಿದು, ವರ್ಗವಾಗಿ ಬಂದ ಮೇಷ್ಟ್ರಿಗೂ ನರ್ಸಿಗೂ ‘ಮನೆ ಕೊಡೋದಿಲ್ಲ’ ಎನ್ನುತ್ತಾರೆ. ಎರಡರಲ್ಲೂ ನಷ್ಟ ನಮ್ಮ ಊರಿನವರಿಗೇ. ಹಾಗಾಗಿ ಎರಡನ್ನೂ ಒಂದೊಂದಾಗಿ ಪರಿಶೀಲಿಸೋಣ.

ಮೊದಲ ಮಾತು: 12 ವರ್ಷವಾದರೆ ಮನೆ ಹೋಗುತ್ತದೆಯೇ?

ಇಲ್ಲ. ಬಾಡಿಗೆ ಕೊಡುತ್ತಾ 12 ವರ್ಷ ಇದ್ದರೂ, 30 ವರ್ಷ ಇದ್ದರೂ ಬಾಡಿಗೆದಾರ ಬಾಡಿಗೆದಾರನೇ.

ಈ 12ರ ಸಂಖ್ಯೆ ಬಂದಿರುವುದು 1963ರ ಲಿಮಿಟೇಶನ್ ಕಾಯ್ದೆಯಿಂದ. ಒಬ್ಬರ ಆಸ್ತಿಯನ್ನು ಇನ್ನೊಬ್ಬರು ಮಾಲೀಕರ ಹಕ್ಕನ್ನು ಧಿಕ್ಕರಿಸಿ, ‘ಇದು ನನ್ನದೇ’ ಎಂದು ಬಹಿರಂಗವಾಗಿ, ಎಡೆಬಿಡದೆ ಅನುಭವಿಸುತ್ತಿದ್ದರೆ, ಅದನ್ನು ಬಿಡಿಸಿಕೊಳ್ಳಲು ಮಾಲೀಕರಿಗೆ 12 ವರ್ಷದ ಅವಧಿ ಇದೆ. ಆ ಅವಧಿ ಮುಗಿಯುವವರೆಗೆ ಸುಮ್ಮನಿದ್ದರೆ ಹಕ್ಕು ಹೋಗಬಹುದು. ಇದನ್ನೇ ಪ್ರತಿಕೂಲ ಸ್ವಾಧೀನ ಎನ್ನುತ್ತಾರೆ.

ಬಾಡಿಗೆದಾರನ ಕಥೆ ಬೇರೆ. ಅವನು ಮನೆಯೊಳಗೆ ಬಂದದ್ದೇ ಮಾಲೀಕರ ಒಪ್ಪಿಗೆಯಿಂದ. ತಿಂಗಳು ತಿಂಗಳು ಬಾಡಿಗೆ ಕೊಡುವುದೆಂದರೆ ‘ಮನೆ ನಿಮ್ಮದು’ ಎಂದು ತಿಂಗಳು ತಿಂಗಳು ಒಪ್ಪಿಕೊಂಡಂತೆ. ಬಾಡಿಗೆ ಸಂಬಂಧ ಇರುವವರೆಗೆ, ಮನೆ ಕೊಟ್ಟ ಮಾಲೀಕರ ಹಕ್ಕನ್ನೇ ಬಾಡಿಗೆದಾರ ಪ್ರಶ್ನಿಸುವಂತಿಲ್ಲ. ಈ ನಿಯಮ 1872ರ ಸಾಕ್ಷ್ಯ ಕಾಯ್ದೆಯಲ್ಲಿತ್ತು, ಅದರ ಬದಲಿಗೆ ಬಂದ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ 122ನೇ ಕಲಮಾಗಿ ಇದೆ.

ಹಾಗಾದರೆ ಸುಪ್ರೀಂ ಕೋರ್ಟ್ ತೀರ್ಪು? 2019ರಲ್ಲಿ ಒಂದು ತೀರ್ಪು ಬಂದದ್ದು ನಿಜ. ಪ್ರತಿಕೂಲ ಸ್ವಾಧೀನದಿಂದ ಹಕ್ಕು ಪಡೆದವರು ತಾವೇ ದಾವೆ ಹೂಡಬಹುದೇ ಎಂಬುದು ಅಲ್ಲಿದ್ದ ಪ್ರಶ್ನೆ. ಹೂಡಬಹುದು ಎಂದು ಕೋರ್ಟ್ ಹೇಳಿತು. ಬಾಡಿಗೆದಾರರಿಗೆ ಮನೆ ಬಿಟ್ಟುಕೊಡಿ ಎಂದು ಅದು ಹೇಳಲಿಲ್ಲ.

ಒಂದು ಎಚ್ಚರಿಕೆ ಮಾತ್ರ ಅಗತ್ಯ. ನೀವು ನೋಟಿಸು ಕೊಟ್ಟು ಬಾಡಿಗೆ ಕೊನೆಗೊಳಿಸಿದ ಮೇಲೂ ಆತ ಹೋಗದಿದ್ದರೆ, ಮನೆ ಬಿಡಿಸಿಕೊಳ್ಳುವ ದಾವೆಗೆ ಅಲ್ಲಿಂದ 12 ವರ್ಷದ ಲೆಕ್ಕ ಶುರುವಾಗುತ್ತದೆ. ಅಂದರೆ ಅಪಾಯವಿರುವುದು ಬಾಡಿಗೆಗೆ ಕೊಡುವುದರಲ್ಲಲ್ಲ, ಕೊಟ್ಟು ಮರೆತುಬಿಡುವುದರಲ್ಲಿ.

ಈ ಹೆದರಿಕೆ ಮಲೆನಾಡಿನಲ್ಲಿ ಏಕೆ ಇಷ್ಟು ಗಟ್ಟಿ?

ಇದಕ್ಕೆ ಇತಿಹಾಸವಿದೆ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ಗೇಣಿ ಅಳೆಯುವ ಕೊಳಗದ ಗಾತ್ರದ ತಕರಾರೇ ಅದಕ್ಕೆ ಕಿಡಿಯಾಯಿತು. ರಾಮಮನೋಹರ ಲೋಹಿಯಾ ಕೂಡ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಮುಂದೆ ತಿದ್ದುಪಡಿಯಾದ ಭೂಸುಧಾರಣಾ ಕಾಯ್ದೆ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿದಾರರು ಡಿಕ್ಲರೇಶನ್ ಅರ್ಜಿ ಕೊಟ್ಟು, ತಾವು ಉಳುತ್ತಿದ್ದ ಜಮೀನಿಗೆ ಒಡೆಯರಾದರು.

‘ಕೊಟ್ಟವರು ಕಳೆದುಕೊಂಡರು’ ಎಂಬ ನೆನಪು ಕೆಲವು ಮನೆಗಳಲ್ಲಿ ಉಳಿದಿದೆ. ಅಜ್ಜ ಗೇಣಿ ಮಾಡಿ ಜಮೀನು ಪಡೆದ ಮನೆಯ ಮೊಮ್ಮಕ್ಕಳೂ ಇಂದು ಪೇಟೆಯಲ್ಲಿ ಮನೆ ಕಟ್ಟಿಸಿ, ಬಾಡಿಗೆದಾರನಿಗೆ ಹೆದರುತ್ತಿರುವುದುಂಟು. ಆದರೆ ಆ ಕಾಯ್ದೆಯ ಗುರಿ ಕೃಷಿ ಭೂಮಿಯ ಗೇಣಿ. ಪೇಟೆಯಲ್ಲಿ ತಿಂಗಳ ಬಾಡಿಗೆಗೆ ಕೊಟ್ಟ ಮನೆಗೂ ಅದಕ್ಕೂ ಸಂಬಂಧವಿಲ್ಲ.

11 ತಿಂಗಳ ಕರಾರು ಮಂತ್ರವೇ?

‘11 ತಿಂಗಳಿಗೊಮ್ಮೆ ಖಾಲಿ ಮಾಡಿಸದಿದ್ದರೆ ಹಕ್ಕು ಬರುತ್ತದೆ’ ಎಂಬುದೂ ತಪ್ಪು. 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಗುತ್ತಿಗೆ ಪತ್ರವನ್ನು ನೋಂದಾಯಿಸಲೇಬೇಕು. ಆ ಖರ್ಚು ಮತ್ತು ಓಡಾಟ ತಪ್ಪಿಸಲು ಜನ 11 ತಿಂಗಳಿಗೆ ಬರೆಸುತ್ತಾರೆ, ಅಷ್ಟೇ. ಒಳ್ಳೆಯ ಬಾಡಿಗೆದಾರರನ್ನು ಈ ಹೆದರಿಕೆಯಿಂದ ಎಬ್ಬಿಸಬೇಡಿ. ಅವಧಿ ಮುಗಿದಾಗ ಹೊಸ ಕರಾರು ಬರೆಸಿದರೆ ಸಾಕು.

ಇದೇ ಜಾಗದಲ್ಲಿ ಇನ್ನೊಂದು ತಪ್ಪು ಸಲಹೆಯೂ ಹರಿದಾಡುತ್ತದೆ: ಬಾಡಿಗೆ ಬಾಕಿಯಾದರೆ ಸಾಮಾನು ಹೊರಗಿಟ್ಟು ಬೀಗ ಹಾಕಿ ಎಂಬುದು. ಹಾಗೆ ಮಾಡಬೇಡಿ. ಕಾನೂನು ಕ್ರಮವಿಲ್ಲದೆ ಹೊರಹಾಕಲ್ಪಟ್ಟವರು 6 ತಿಂಗಳೊಳಗೆ ದಾವೆ ಹೂಡಿ ಮತ್ತೆ ಒಳಗೆ ಬರಬಹುದು. ನೋಟಿಸು, ಆಮೇಲೆ ಕೋರ್ಟು, ದಾರಿ ಅದೊಂದೇ.

ಎರಡನೆಯ ಮಾತು: ಬಾಡಿಗೆಯೇ ಸಾಲ ತೀರಿಸುತ್ತದೆಯೇ?

ಒಂದು ಉದಾಹರಣೆ ತೆಗೆದುಕೊಳ್ಳೋಣ. ಅಂಕಿಗಳು ಲೆಕ್ಕ ತೋರಿಸಲು ಮಾತ್ರ, ನಿಮ್ಮ ಊರಿನ ದರ ಹಾಕಿ ನೀವೇ ಮಾಡಿ ನೋಡಿ.

ಜಾಗ ನಿಮ್ಮದೇ. 25 ಲಕ್ಷ ರೂಪಾಯಿಯಲ್ಲಿ ಎರಡು ಚಿಕ್ಕ ಮನೆ ಕಟ್ಟಿಸಿದಿರಿ. ಒಂದೊಂದಕ್ಕೆ 6,000 ರೂ. ಬಾಡಿಗೆ. ವರ್ಷಕ್ಕೆ 1,44,000 ರೂ.

ಎರಡೂ ಮನೆ ವರ್ಷದಲ್ಲಿ ಒಂದೊಂದು ತಿಂಗಳು ಖಾಲಿ ಇದ್ದರೆ: 12,000 ರೂ. ಕಳೆಯಿರಿ.
ಬಣ್ಣ, ಸೋರಿಕೆ, ನಲ್ಲಿ, ಮೋಟಾರು ರಿಪೇರಿಗೆ: 15,000 ರೂ.
ಮನೆ ಕಂದಾಯ, ನೀರು, ವಿಮೆ ಇತ್ಯಾದಿಗೆ: 6,000 ರೂ.
ಉಳಿಯುವುದು: 1,11,000 ರೂ.

ಹಾಕಿದ ಹಣಕ್ಕೆ ಇದು ವರ್ಷಕ್ಕೆ ಸುಮಾರು ಶೇ 4.4. ಅದೇ ಹಣವನ್ನು ಶೇ 6.5ರ ಠೇವಣಿಯಲ್ಲಿಟ್ಟರೆ 1,62,500 ರೂ. ಬಡ್ಡಿ. ಇನ್ನು 15 ಲಕ್ಷ ಸಾಲ ಮಾಡಿದ್ದರೆ, ಶೇ 9ರ ಬಡ್ಡಿಯಲ್ಲಿ 20 ವರ್ಷಕ್ಕೆ ತಿಂಗಳ ಕಂತು ಸುಮಾರು 13,500 ರೂ., ವರ್ಷಕ್ಕೆ 1,62,000 ರೂ. ಅಂದರೆ ಪ್ರತಿ ವರ್ಷ ಸುಮಾರು 51,000 ರೂ. ನಿಮ್ಮ ಕೈಯಿಂದಲೇ ಹೋಗಬೇಕು. ಬಾಡಿಗೆ ಸಾಲ ತೀರಿಸುವುದಿಲ್ಲ, ತೀರಿಸಲು ಸಹಾಯ ಮಾಡುತ್ತದೆ.

ಹಾಗೆಂದು ಬಾಡಿಗೆ ಮನೆ ಕೆಟ್ಟ ಹೂಡಿಕೆ ಎಂದು ನಾವು ಹೇಳುತ್ತಿಲ್ಲ. ಠೇವಣಿಯ ಬಡ್ಡಿ ನಿಂತಲ್ಲೇ ಇದ್ದರೆ, ಬಾಡಿಗೆ ವರ್ಷ ಕಳೆದಂತೆ ಏರುತ್ತದೆ. ಜಾಗದ ಬೆಲೆಯೂ ಏರಬಹುದು. ಈಗಾಗಲೇ ಕಟ್ಟಿ ಖಾಲಿ ಬಿದ್ದಿರುವ ಮನೆಯಾದರಂತೂ ಲೆಕ್ಕವೇ ಬೇರೆ: ಹೊಸ ಬಂಡವಾಳ ಬೇಕಿಲ್ಲ, ಬಂದದ್ದೆಲ್ಲ ಲಾಭ. ಈ ಭಾಗದಲ್ಲಿ ನಿಜವಾದ ಅವಕಾಶ ಇರುವುದು ಬೀಗ ಬಿದ್ದ ಮನೆಗಳಲ್ಲೇ.

ಮಳೆಯ ಲೆಕ್ಕ

ಬಯಲುಸೀಮೆಯ ಲೆಕ್ಕವನ್ನು ಇಲ್ಲಿಗೆ ತರಲಾಗದು. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಹೊಸನಗರದ ಹುಲಿಕಲ್ ಕಡೆಯೂ ಕಡಿಮೆಯೇನಲ್ಲ. ಒಂದು ಮಳೆಗಾಲ ಬಾಗಿಲು ತೆಗೆಯದೆ ಬಿಟ್ಟ ಮನೆಯ ಗೋಡೆ ಬೂಷ್ಟು ಹಿಡಿಯುತ್ತದೆ, ಬಾಗಿಲು ಉಬ್ಬುತ್ತದೆ, ಮರಕ್ಕೆ ಗೆದ್ದಲು ಬರುತ್ತದೆ. ಜನ ಇದ್ದು ಒಲೆ ಉರಿದರೆ ಮನೆ ಉಳಿಯುತ್ತದೆ ಎಂದು ಹಿರಿಯರು ಹೇಳುವುದು ಸುಮ್ಮನಲ್ಲ: ಗಾಳಿಯಾಡುತ್ತದೆ, ಶೀತ ಆರುತ್ತದೆ, ಸೋರಿದರೆ ಅದೇ ದಿನ ಗೊತ್ತಾಗುತ್ತದೆ. ಮೇ ಮುಗಿಯುವುದರೊಳಗೆ ಒಡೆದ ಹೆಂಚು ಬದಲಿಸಿ, ಚರಂಡಿ ಬಿಡಿಸಿ, ತಾರಸಿಯ ಪಾಚಿ ತೆಗೆಸಿ. ‘ಕೂತಲ್ಲೇ ಆದಾಯ’ ಎನ್ನುವವರು ಈ ಕೆಲಸವನ್ನು ಲೆಕ್ಕಕ್ಕೆ ತಂದಿರುವುದಿಲ್ಲ.

ಮನೆ ಕೊಡುವ ಮುನ್ನ

ಕರಾರು ಬರವಣಿಗೆಯಲ್ಲಿರಲಿ. ಬಾಡಿಗೆ, ಮುಂಗಡ, ಅವಧಿ, ರಿಪೇರಿ ಯಾರದು, ಬಿಡುವ ಮುನ್ನ ಎಷ್ಟು ದಿನದ ನೋಟಿಸು ಎಂಬುದೆಲ್ಲ ಅದರಲ್ಲಿರಲಿ. ಬೇರೆ ಒಪ್ಪಂದ ಇಲ್ಲದಿದ್ದರೆ ತಿಂಗಳ ಬಾಡಿಗೆಗೆ ಸಾಮಾನ್ಯವಾಗಿ 15 ದಿನದ ನೋಟಿಸು.

ಬಾಡಿಗೆ ಬ್ಯಾಂಕ್ ಅಥವಾ ಯುಪಿಐ ಮೂಲಕ ಬರಲಿ. ನಗದಾದರೆ ರಸೀದಿ ಕೊಡಿ. ಆತ ಬಾಡಿಗೆದಾರ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ದಾಖಲೆ ಇಲ್ಲ.

ಪಂಚಾಯಿತಿ ವ್ಯಾಪ್ತಿಯಾದರೆ ಇ-ಸ್ವತ್ತು, ಪಟ್ಟಣವಾದರೆ ಖಾತೆ ನಿಮ್ಮ ಹೆಸರಿಗಿರಲಿ. ತಂದೆಯ ಹೆಸರಿನಲ್ಲೇ ಉಳಿದಿದ್ದರೆ ಮೊದಲು ಅದನ್ನು ಸರಿಪಡಿಸಿ. ಕೃಷಿ ಜಮೀನಿನಲ್ಲಿ ಬಾಡಿಗೆ ಮನೆ ಕಟ್ಟುವ ಮುನ್ನ ಭೂ ಪರಿವರ್ತನೆ ಆಗಿದೆಯೇ ನೋಡಿ.

ಪ್ರತಿ ಮನೆಗೂ ಬೇರೆ ಮೀಟರ್ ಹಾಕಿಸಿ. 200 ಯೂನಿಟ್‌ವರೆಗಿನ ಗೃಹಜ್ಯೋತಿ ಬಾಡಿಗೆದಾರರಿಗೂ ಸಿಗುತ್ತದೆ. ಎರಡು ಮನೆಗೆ ಒಂದೇ ಮೀಟರ್ ಇದ್ದರೆ ಆ ಮಿತಿ ಬೇಗ ದಾಟುತ್ತದೆ.

ತೋಟದ ಆದಾಯದಂತೆ ಮನೆ ಬಾಡಿಗೆಗೂ ತೆರಿಗೆ ಇಲ್ಲ ಎಂಬುದು ಸುಳ್ಳು. ಬಾಡಿಗೆಯಲ್ಲಿ ಕಟ್ಟಿದ ಕಂದಾಯ ಕಳೆದು, ಉಳಿದದ್ದರಲ್ಲಿ ಶೇ 30 ವಿನಾಯಿತಿ ಸಿಗುತ್ತದೆ. ಮಿಕ್ಕದ್ದು ನಿಮ್ಮ ಒಟ್ಟು ಆದಾಯಕ್ಕೆ ಸೇರುತ್ತದೆ.

ನಮ್ಮ ತೀರ್ಮಾನ

‘12 ವರ್ಷವಾದರೆ ಮನೆ ಬಾಡಿಗೆದಾರನದ್ದು’: ತಪ್ಪು.
‘11 ತಿಂಗಳಿಗೊಮ್ಮೆ ಖಾಲಿ ಮಾಡಿಸಲೇಬೇಕು’: ತಪ್ಪು.
‘ಬಾಡಿಗೆಯೇ ಸಾಲ ತೀರಿಸುತ್ತದೆ’: ಹೆಚ್ಚಿನ ಬಾರಿ ತಪ್ಪು, ಲೆಕ್ಕ ಹಾಕಿಯೇ ನಂಬಿ.

ಮುಂದಿನ ಸಲ ಆ ಹೆದರಿಸುವ ಸಂದೇಶ ಗುಂಪಿಗೆ ಬಂದಾಗ ಈ ಲೇಖನವನ್ನು ಅಲ್ಲೇ ಹಾಕಿ. ಬೀಗ ಬಿದ್ದ ಒಂದು ಮನೆಯ ಬಾಗಿಲು ತೆರೆದರೆ, ಮನೆಯವರಿಗೆ ನಾಲ್ಕು ಕಾಸು, ಹೊಸದಾಗಿ ಬಂದ ಮೇಷ್ಟ್ರಿಗೆ ಒಂದು ಸೂರು, ಮಳೆಗಾಲದಲ್ಲಿ ಮನೆಗೂ ಒಂದು ಕಾವಲು.