ವಿದೇಶ ವ್ಯಾಪಾರದ ಸರಕು ಸಾಗಣೆ: ತೂಕ, ಮೌಲ್ಯ ಮತ್ತು ಕಾಲದ ಲೆಕ್ಕ

ಭಾರತದ ವಿದೇಶ ವ್ಯಾಪಾರದಲ್ಲಿ ತೂಕದ ಲೆಕ್ಕದಂತೆ ಸುಮಾರು ಶೇ. 95ರಷ್ಟು, ಮೌಲ್ಯದ ಲೆಕ್ಕದಂತೆ ಸುಮಾರು ಶೇ. 70ರಷ್ಟು ಸರಕು ಸಮುದ್ರ ಮಾರ್ಗದಲ್ಲಿ ಸಾಗುತ್ತದೆಂದು ಕೇಂದ್ರ ಬಂದರು, ನೌಕಾಯಾನ ಮತ್ತು ಜಲಮಾರ್ಗ ಸಚಿವಾಲಯದ ಅಂಕಿ-ಅಂಶಗಳು ತಿಳಿಸುತ್ತವೆ. ಈ ಅಂತರಕ್ಕೆ ಕಾರಣ ಸ್ಪಷ್ಟ. ಕಲ್ಲಿದ್ದಲು, ಕಚ್ಚಾ ತೈಲ, ಅದಿರುಗಳು ಭಾರದಲ್ಲಿ ಹೆಚ್ಚು, ಬೆಲೆಯಲ್ಲಿ ಕಡಿಮೆ. ವಜ್ರ, ಔಷಧ, ಎಲೆಕ್ಟ್ರಾನಿಕ್ ಬಿಡಿಭಾಗಗಳು ಇದಕ್ಕೆ ವಿರುದ್ಧ. ಆದ್ದರಿಂದಲೇ ವಿಶ್ವ ವ್ಯಾಪಾರದಲ್ಲಿ ವಿಮಾನ ಸರಕಿನ ಪಾಲು ತೂಕದಲ್ಲಿ ಶೇ. 1ಕ್ಕಿಂತ ಕಡಿಮೆಯಿದ್ದರೂ ಮೌಲ್ಯದಲ್ಲಿ ಸುಮಾರು ಮೂರನೆಯ ಒಂದು ಭಾಗವಾಗಿದೆ.

ಅಂಕಿಗಳನ್ನು ಓದುವ ಬಗೆ

ಸಾಗಣೆಯ ಅಂಕಿಗಳನ್ನು ಹೋಲಿಸುವಾಗ ಮೂರು ಅಂಶಗಳನ್ನು ಗಮನಿಸಬೇಕು.

1. ಕೊಲಂಬೊದಂತಹ ಬಂದರಿನಲ್ಲಿ ಹಡಗು ಬದಲಿಸುವ ಕಂಟೇನರು ಇಳಿಯುವಾಗ ಒಮ್ಮೆ, ಏರುವಾಗ ಮತ್ತೊಮ್ಮೆ ಎಣಿಕೆಯಾಗುತ್ತದೆ. ಬಂದರಿನ ವಹಿವಾಟು ಎಂದರೆ ಆ ದೇಶದ ವ್ಯಾಪಾರವಲ್ಲ.

2. ಬೆಂಗಳೂರಿನ ವೈಟ್‌ಫೀಲ್ಡ್ ಒಳನಾಡು ಕಂಟೇನರ್ ಡಿಪೋದಿಂದ ರೈಲಿನಲ್ಲಿ ಚೆನ್ನೈಗೆ ಹೋಗಿ ಹಡಗೇರುವ ಸರಕು ಚೆನ್ನೈ ಬಂದರಿನ ವಹಿವಾಟಿಗೆ ಸೇರುತ್ತದೆ. ಅದನ್ನು ಮಾತ್ರ ನೋಡಿದವರಿಗೆ ಕರ್ನಾಟಕದ ಪಾಲು ಕಾಣದು.

3. ಭಾರತದ ರಫ್ತಿನ ಮೌಲ್ಯವನ್ನು ಎಫ್.ಒ.ಬಿ. ಆಧಾರದಲ್ಲಿಯೂ ಆಮದಿನ ಮೌಲ್ಯವನ್ನು ಬಾಡಿಗೆ ಹಾಗೂ ವಿಮೆ ಸೇರಿದ ಸಿ.ಐ.ಎಫ್. ಆಧಾರದಲ್ಲಿಯೂ ದಾಖಲಿಸಲಾಗುತ್ತದೆ.

ಸಣ್ಣ ಉದ್ಯಮಿಯ ಲೆಕ್ಕ

ವಿಮಾನ ಸಾಗಣೆಯಲ್ಲಿ ಸಾಮಾನ್ಯವಾಗಿ 6,000 ಘನ ಸೆಂಟಿಮೀಟರಿಗೆ ಒಂದು ಕಿಲೋ ಎಂದು ಗಣಿಸಿ, ನಿಜ ತೂಕ ಮತ್ತು ಗಾತ್ರದ ತೂಕಗಳಲ್ಲಿ ಹೆಚ್ಚಿನದಕ್ಕೆ ಬಾಡಿಗೆ ವಿಧಿಸುತ್ತಾರೆ. 60×50×40 ಸೆಂ.ಮೀ. ಪೆಟ್ಟಿಗೆಯ ನಿಜ ತೂಕ 12 ಕಿಲೋ ಇದ್ದರೂ ತೆರಬೇಕಾದುದು 20 ಕಿಲೋವಿನ ಬಾಡಿಗೆ. ಪ್ಯಾಕಿಂಗ್ ಕುಗ್ಗಿಸಿದರೆ ಉಳಿತಾಯ ಉಂಟು.

ಹಡಗಿನ ಬಾಡಿಗೆ ಅಗ್ಗವೆನಿಸಿದರೂ ಕಾಲಕ್ಕೂ ಬೆಲೆಯಿದೆ. 2023ರ ನವೆಂಬರಿನಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿಗಳು ನಡೆದಾಗ ಬಹುತೇಕ ದೊಡ್ಡ ಕಂಟೇನರ್ ಸಂಸ್ಥೆಗಳು ಸೂಯೆಜ್ ಕಾಲುವೆಯನ್ನು ಬಿಟ್ಟು ಆಫ್ರಿಕಾದ ದಕ್ಷಿಣ ತುದಿಯನ್ನು ಸುತ್ತಿದವು. ಯುರೋಪಿನ ಪ್ರಯಾಣ ಸುಮಾರು ಎರಡು ವಾರ ಹೆಚ್ಚಿತು. ಸರಕು ತಲುಪಿದ ಮೇಲೆ ಹಣ ಬರುವ ಕರಾರಿದ್ದು, ಸರಕಿನ ಮೌಲ್ಯ 20 ಲಕ್ಷ ರೂ., ಬ್ಯಾಂಕಿನ ಬಡ್ಡಿ ಶೇ. 12 ಆಗಿದ್ದರೆ, 14 ದಿನಗಳ ವಿಳಂಬಕ್ಕೆ ಬಡ್ಡಿಯೊಂದೇ ಸುಮಾರು 9,200 ರೂ. ಆಗುತ್ತದೆ. ಏರಿದ ಬಾಡಿಗೆ, ವಿಮೆಯ ಕಂತು ಹಾಗೂ ಋತು ತಪ್ಪಿದ ಮಾರಾಟದ ನಷ್ಟ ಇದಕ್ಕೆ ಹೊರತು.

ಹೀಗಾಗಿ ಬಾಡಿಗೆಯ ದರಪಟ್ಟಿಯೊಂದನ್ನೇ ಹೋಲಿಸುವುದು ಸಾಲದು. ಸರಕಿನ ಪ್ರತಿ ಕಿಲೋ ಮೌಲ್ಯ, ಬಾಡಿಗೆ, ವಿಮೆ ಮತ್ತು ಹಣ ಕೈಸೇರುವವರೆಗಿನ ಬಡ್ಡಿ, ಇವಿಷ್ಟನ್ನೂ ಒಂದೇ ಹಾಳೆಯಲ್ಲಿ ಬರೆದು ಕೂಡಿಸಿದ ನಂತರವೇ ಮಾರ್ಗವನ್ನು ನಿರ್ಧರಿಸುವುದು ಹಾಗೂ ಗ್ರಾಹಕರಿಗೆ ಬೆಲೆ ತಿಳಿಸುವುದು ಕ್ಷೇಮಕರ.