ತೆಂಗಿಗೆ ರಾಗಿ ಹತ್ತಿರ, ಲಾರೆಲ್ ದೂರ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಬಿಡುತ್ತಾರೆ. ನೀರು ಇಂಗಿ ತಿರುಳು ಚಿಪ್ಪು ಬಿಟ್ಟಾಗ ಸಿಗುವ ಉಂಡೆ ಕೊಬ್ಬರಿಯಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಎಣ್ಣೆ. ಆ ಎಣ್ಣೆಯ ಸುಮಾರು ಅರ್ಧದಷ್ಟು ಲಾರಿಕ್ ಆಮ್ಲ.

ಬಹುತೇಕ ಗಿಡಗಳ ಬೀಜದಲ್ಲಿ ಕೊಬ್ಬಿನಾಮ್ಲದ ಸರಪಳಿ ಎರಡೆರಡೇ ಇಂಗಾಲ ಕೂಡಿಕೊಂಡು 16 ಅಥವಾ 18ರವರೆಗೆ ಬೆಳೆಯುತ್ತದೆ. ತೆಂಗಿನಲ್ಲಿ ಥಯೋಎಸ್ಟರೇಸ್ ಎಂಬ ಕಿಣ್ವ ಅದನ್ನು 12ಕ್ಕೇ ಕಡಿದುಬಿಡುತ್ತದೆ. ಹೀಗೆ ಹುಟ್ಟುವ ಲಾರಿಕ್ ಆಮ್ಲ ಮೆಡಿಟರೇನಿಯನ್ ಕಡೆಯ ಲಾರೆಲ್ ಮರದ ಬೀಜದಲ್ಲೂ ಹೇರಳವಾಗಿದೆ. ಲಾರೆಲ್ ನಮ್ಮ ದಾಲ್ಚಿನ್ನಿಯ ಕುಟುಂಬದ್ದು. ಎಣ್ಣೆಯನ್ನಷ್ಟೇ ನೋಡಿದವರು ತೆಂಗು, ಲಾರೆಲ್ ಎರಡೂ ಒಂದೇ ಬಳ್ಳಿಯವು ಎಂದಾರು. ತೋಟದ ಪಕ್ಕದ ಹೊಲದ ರಾಗಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಾರರು. ಡಿಎನ್‌ಎ ಹೇಳುವುದೇ ಬೇರೆ. ತೆಂಗೂ ರಾಗಿಯೂ ಏಕದಳ ಸಸ್ಯಗಳು, ಲಾರೆಲ್ಲಿನ ಕವಲು ಇವೆರಡೂ ಬೇರೆಯಾಗುವುದಕ್ಕಿಂತ ಬಹಳ ಹಿಂದೆಯೇ ಒಡೆದದ್ದು. 12ಕ್ಕೆ ಕಡಿಯುವ ಗುಣ ಎರಡು ಕಡೆ ಬೇರೆಬೇರೆಯಾಗಿ ಹುಟ್ಟಿತು.

ಅಂದರೆ ಅಣು ಒಂದೇ ಎಂದ ಮಾತ್ರಕ್ಕೆ ವಂಶ ಒಂದೇ ಅಲ್ಲ. ಆ ಅಣುವನ್ನು ಮಾಡುವ ಪ್ರೋಟೀನಿನ ಅಮೈನೊ ಆಮ್ಲಗಳ ಸಾಲನ್ನು, ಅದರ ಹಿಂದಿನ ಜೀನನ್ನು ಓದಬೇಕು. 1967ರಲ್ಲಿ ವಾಲ್ಟರ್ ಫಿಚ್ ಮತ್ತು ಇಮ್ಯಾನುಯೆಲ್ ಮಾರ್ಗೋಲಿಯಾಶ್ ಮಾಡಿದ್ದು ಇದನ್ನೇ. ಉಸಿರಾಟಕ್ಕೆ ಬೇಕಾದ ಸೈಟೋಕ್ರೋಮ್ ಸಿ ಪ್ರೋಟೀನನ್ನು 20 ಜೀವಿಗಳಲ್ಲಿ ಹೋಲಿಸಿ, ಎಷ್ಟು ಕಡೆ ವ್ಯತ್ಯಾಸವಿದೆ ಎಂಬುದರಿಂದಲೇ ವಂಶವೃಕ್ಷ ಬರೆದರು. ಮೂಳೆ, ಹಲ್ಲು ಯಾವುದನ್ನೂ ನೋಡದೆ ಬರೆದ ಆ ವೃಕ್ಷ ಬಹುಮಟ್ಟಿಗೆ ಜೀವಶಾಸ್ತ್ರಜ್ಞರ ಹಳೆಯ ವೃಕ್ಷಕ್ಕೇ ತಾಳೆಯಾಯಿತು. ಇದು ನನಗೆ ಇಂದಿಗೂ ವಿಜ್ಞಾನದ ದೊಡ್ಡ ಬೆರಗುಗಳಲ್ಲೊಂದು.

ಇದೇ ವಿದ್ಯೆ ತೆಂಗಿನ ತೋಟಕ್ಕೂ ಬಂತು. ಬೀ ಗನ್, ಲೂಕ್ ಬೋದ್ವಾನ್, ಕೆನೆತ್ ಓಲ್ಸನ್ 2011ರಲ್ಲಿ ಜಗತ್ತಿನ ನಾನಾ ಭಾಗದ 1,300ಕ್ಕೂ ಹೆಚ್ಚು ತೆಂಗುಗಳ ಡಿಎನ್‌ಎ ಹೋಲಿಸಿದರು. ಎರಡು ಪಂಗಡ ಸ್ಪಷ್ಟವಾಗಿ ಕಂಡವು: ಒಂದು ಪೆಸಿಫಿಕ್ ಸಾಗರದ್ದು, ಇನ್ನೊಂದು ಹಿಂದೂ ಮಹಾಸಾಗರ–ಅಟ್ಲಾಂಟಿಕ್ ಕಡೆಯದು. ಮನುಷ್ಯ ತೆಂಗನ್ನು ಎರಡು ಕಡೆ ಬೇರೆಬೇರೆಯಾಗಿ ಒಗ್ಗಿಸಿಕೊಂಡ. ಅದರಲ್ಲೊಂದು ಕಡೆ ದಕ್ಷಿಣ ಭಾರತ, ಶ್ರೀಲಂಕಾ, ಮಾಲ್ಡೀವ್ಸ್, ಲಕ್ಷದ್ವೀಪಗಳ ಆಸುಪಾಸು. ತನ್ನ ಹೂವಿಗೆ ತಾನೇ ಪರಾಗ ಕೊಟ್ಟುಕೊಳ್ಳುವ ಗಿಡ್ಡ ತಳಿಗಳು ಮಾತ್ರ ಪೆಸಿಫಿಕ್ ಪಂಗಡಕ್ಕೆ ಸೇರಿದವು. ಎಳನೀರಿಗೆಂದು ಗಿಡ್ಡ ತಳಿಯನ್ನು ನಮ್ಮ ಎತ್ತರದ ತಳಿಯೊಂದಿಗೆ ಕೂಡಿಸಿ ಮಾಡಿದ ಹೈಬ್ರಿಡ್ ಸಸಿಯಲ್ಲಿ ಈ ಎರಡು ಸಾಗರಗಳ ವಂಶವೂ ಇದೆ.